ಏಳು ಪದರದ ಮಗ್ಗಿ

ಬಿಇ ಮುಗಿಸಿದವರನ್ನು ನಿದ್ದೆಗಣ್ಣಲ್ಲಿ ಎಬ್ಬಿಸಿ ಕೇಳಿದರೂ ಓಎಸ್‌ಐ ಮಾದರಿಯ ಏಳು ಪದರಗಳನ್ನು ಮಗ್ಗಿ ಥರ ಒಪ್ಪಿಸ್ತಾರೆ. ಪ್ಯಾಕೆಟ್ ದಾರಿಯಲ್ಲಿ ಕಳೆದುಹೋದ್ರೆ ಯಾರಿಗೆ, ಹೇಗೆ ಗೊತ್ತಾಗುತ್ತೆ ಅಂತ ಕೇಳಿ ನೋಡಿ. ಬಹಳ ಮಂದಿ ತಡವರಿಸ್ತಾರೆ. ಇಂಟರ್‌ವ್ಯೂ ಮೇಜಿನ ಎರಡೂ ಬದಿ ಕೂತವನು ನಾನು. ಹಳ್ಳಿಯಿಂದ ಬಂದ ನಮ್ಮಂಥವರು ಹೆಚ್ಚು ಪೆಟ್ಟು ತಿನ್ನೋದು ಇಲ್ಲೇ. ಬಾಯಿಪಾಠ ನಮ್ಮ ಗಟ್ಟಿ ವಿದ್ಯೆ, ಅದೇ ಕೈಕೊಡುತ್ತೆ. ತಪ್ಪು ಹುಡುಗರದಲ್ಲ, ಪಾಠ ಶುರುವಾಗೋ ಜಾಗದ್ದು.

ಎರಡು ಪಠ್ಯಪುಸ್ತಕಗಳನ್ನು ಪಕ್ಕಪಕ್ಕ ಇಟ್ಟು ನೋಡೋಣ.

ಆಂಡ್ರ್ಯೂ ಟ್ಯಾನೆನ್‌ಬಾಮ್ ಅವರ 'ಕಂಪ್ಯೂಟರ್ ನೆಟ್‌ವರ್ಕ್ಸ್' ಮೊದಲು ಬಂದಿದ್ದು 1981ರಲ್ಲಿ. ಅದು ಕೆಳಗಿನಿಂದ ಹತ್ತುತ್ತೆ: ಮೊದಲು ತಂತಿ, ಸಿಗ್ನಲ್, ಆಮೇಲೆ ಫ್ರೇಮು, ರೂಟಿಂಗು, ವೆಬ್ಬು, ಇಮೇಲ್ ಕೊನೆಗೆ. ಬರವಣಿಗೆ ಲವಲವಿಕೆಯದು. ಓಎಸ್‌ಐ ಯಾಕೆ ಸೋತಿತು ಅಂತಾನೂ ಮುಲಾಜಿಲ್ಲದೆ ಹೇಳುತ್ತೆ. ಅರ್ಪಾನೆಟ್ 1983ರ ಜನವರಿ 1ಕ್ಕೇ ಟಿಸಿಪಿ/ಐಪಿಗೆ ಹೊರಳಿತ್ತು. ಓಎಸ್‌ಐ ಮಾನದಂಡವಾಗಿ ಪ್ರಕಟವಾಗಿದ್ದು 1984ರಲ್ಲಿ. ಪರೀಕ್ಷೆಗೆ ಓದೋರು ಈ ಜಗಳವನ್ನೆಲ್ಲ ಹಾರಿಸಿ, ಏಳು ಡಬ್ಬಿಗಳ ಚಿತ್ರ ಮಾತ್ರ ಉಳಿಸಿಕೊಳ್ತಾರೆ.

ಕುರೋಸ್ ಮತ್ತು ರಾಸ್ ಅವರ 'ಕಂಪ್ಯೂಟರ್ ನೆಟ್‌ವರ್ಕಿಂಗ್: ಎ ಟಾಪ್-ಡೌನ್ ಅಪ್ರೋಚ್' ಮೇಲಿನಿಂದ ಇಳಿಯುತ್ತೆ. ನಾವು ದಿನಾ ಬಳಸೋ ವೆಬ್, ಡಿಎನ್‌ಎಸ್‌ನಿಂದ ಶುರು. ಅದರ ಜೀವಾಳ ನಂಬಿಕಸ್ಥ ರವಾನೆಯ ಭಾಗ. ದಾರಿ ಪಕ್ಕಾ ಇದ್ರೆ ಸುಮ್ಮನೆ ಕಳಿಸಿದರಾಯ್ತು. ಬಿಟ್‌ಗಳು ಕೆಡಬಹುದು ಅಂದ್ರೆ ರಿಜಿಸ್ಟರ್ಡ್ ಅಂಚೆಯಂತೆ ಸ್ವೀಕೃತಿ ಬೇಕು. ಸ್ವೀಕೃತಿಯೇ ಕೆಟ್ಟರೆ? ಕ್ರಮಸಂಖ್ಯೆ ಬೇಕು. ಕಳೆದೇ ಹೋದರೆ? ಟೈಮರ್ ಬೇಕು. ಒಂದೊಂದು ತೊಂದರೆಗೆ ಒಂದೊಂದು ಉಪಾಯ. ಇಷ್ಟು ಅರ್ಥವಾದವನಿಗೆ ಟಿಸಿಪಿ ಹೆಡರ್ ಬಾಯಿಪಾಠ ಮಾಡೋ ಕರ್ಮವಿಲ್ಲ.

ಈ ಪುಸ್ತಕದ ಮೇಲೂ ನನ್ನದೊಂದು ತಕರಾರಿದೆ. ವೈರ್‌ಲೆಸ್ ಪಾಠ ತೀರಾ ಹಿಂದೆ ಬರುತ್ತೆ, ಸೆಮಿಸ್ಟರ್ ಅಷ್ಟರಲ್ಲಿ ಮುಗಿದಿರುತ್ತೆ. ಸಾಂಪ್ರದಾಯಿಕ ಟಿಸಿಪಿ, ಪ್ಯಾಕೆಟ್ ಕಳೆದ ಕೂಡಲೇ ದಾರಿಯಲ್ಲಿ ಟ್ರಾಫಿಕ್ ಜಾಮ್ ಅಂದ್ಕೊಂಡು ವೇಗ ಇಳಿಸುತ್ತೆ. ಊರಾಚೆ ತೋಟದಲ್ಲಿ ಸಿಗ್ನಲ್ ಸೊರಗಿ ಕಳೆದದ್ದಾದ್ರೆ, ಜಾಮೇ ಇಲ್ಲದ ದಾರಿಯಲ್ಲಿ ಸುಮ್ಮನೆ ನಿಧಾನ. ಹಳ್ಳಿಯ ಓದುಗನ ನಿತ್ಯದ ಅನುಭವ ಇದೇ. ಅವನ ಪ್ರಶ್ನೆಗೆ ಮೊದಲ ಸಾಲಲ್ಲಿ ಜಾಗ ಇರಬೇಕಿತ್ತು.

ಆದರೂ ಹೊಸಬರಿಗೆ ನಾನು ಕೊಡೋದು ಕುರೋಸ್-ರಾಸ್ ಅನ್ನೇ. ಪಕ್ಕದಲ್ಲಿ ವೈರ್‌ಶಾರ್ಕ್ ತೆರೆದಿಟ್ಟು, ನಿಮ್ಮದೇ ಲ್ಯಾಪ್‌ಟಾಪಿನ ಪ್ಯಾಕೆಟ್‌ಗಳನ್ನು ನೋಡ್ತಾ ಓದಿ. ಟ್ಯಾನೆನ್‌ಬಾಮ್ ಆಮೇಲಿರಲಿ. ಪದರಗಳ ಹೆಸರು ಎಲ್ಲಿಗೂ ಓಡಿಹೋಗಲ್ಲ.