ಶಿಥಿಲೀಕರಣ, ಸವೆತ ಮತ್ತು ಕಡಲತಡಿಯ ಪಾಠ: ಒಂದು ವಿಮರ್ಶೆ

ಪ್ರಾಥಮಿಕ ಶಾಲೆಯ ಮಕ್ಕಳನ್ನು ಕಡಲತಡಿಗೆ ಕರೆದೊಯ್ದು ಭೂಮಿಯ ಮೈ ಬದಲಾಗುವ ಬಗೆಯನ್ನು ತೋರಿಸಬೇಕೆಂಬ ಮಾತನ್ನು ಇಂದು ಯಾರೂ ಅಲ್ಲಗಳೆಯಲಾರರು. ಶಾಲೆಯ ಅರಿವನ್ನು ಹೊರಗಿನ ಬಾಳಿಗೆ ಬೆಸೆಯಬೇಕೆಂದು 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಸಾರಿತು. ಅದಕ್ಕೂ ಬಹು ಮೊದಲು, 1930ರ ದಶಕದಲ್ಲಿಯೇ, ಶಿವರಾಮ ಕಾರಂತರು ‘ಬಾಲಪ್ರಪಂಚ’ದ ಮೂಲಕ ಲೋಕದ ವಿಷಯಗಳನ್ನು ಕನ್ನಡ ಮಕ್ಕಳ ಮುಂದೆ ತೆರೆದಿಟ್ಟರು. ಆದರೆ ತಡಿಗೆ ಹೋದ ಮಾತ್ರಕ್ಕೆ ಪಾಠವಾಗದು. ಅಲೆಯ ಅಬ್ಬರದ ಮುಂದೆ ಶಿಥಿಲೀಕರಣ, ಸವೆತ ಎಂಬ ಎರಡು ಬೇರೆ ವ್ಯಾಪಾರಗಳು ಮಗುವಿನ ಮನಸ್ಸಿನಲ್ಲಿ ಒಂದೇ ಆಗಿಬಿಡುತ್ತವೆ. ನಮ್ಮ ಆಕ್ಷೇಪವಿರುವುದು ಈ ಬೆರಕೆಗೆ ಎಡೆಗೊಡುವ ಪ್ರವಾಸಕ್ರಮದ ಮೇಲೆ.

ಬಂಡೆ ತಾನಿದ್ದಲ್ಲಿಯೇ ಬಿಸಿಲು, ಮಳೆ, ಉಪ್ಪು, ಬೇರುಗಳಿಂದ ಸಡಿಲಗೊಳ್ಳುವುದು ಶಿಥಿಲೀಕರಣ. ಹಾಗೆ ಸಡಿಲಗೊಂಡುದನ್ನು ನೀರು, ಗಾಳಿ, ಅಲೆಗಳು ಕಿತ್ತು ಹೊತ್ತೊಯ್ಯುವುದು ಸವೆತ. ಇಲ್ಲಿ ನಮ್ಮ ಪರಿಭಾಷೆಯೂ ತುಸು ತೊಡಕನ್ನು ಒಡ್ಡುತ್ತದೆ. ಮೆಟ್ಟಿಲು ಸವೆಯುತ್ತದೆ, ಚಪ್ಪಲಿ ಸವೆಯುತ್ತದೆ ಎನ್ನುವಾಗ ತೇಯುವ ಅರ್ಥವುಂಟೇ ಹೊರತು ಹೊತ್ತೊಯ್ಯುವ ಅರ್ಥವಿಲ್ಲ. ಕರಾವಳಿಗರ ‘ಕಡಲ್ಕೊರೆತ’ವೂ ಕೊರೆಯುವುದನ್ನಷ್ಟೇ ಹೇಳಿ, ಕೊರೆದದ್ದು ಎಲ್ಲಿಗೆ ಹೋಯಿತೆಂಬುದನ್ನು ಹೇಳದೆ ಬಿಡುತ್ತದೆ. ಆದುದರಿಂದ ಕೆಳತರಗತಿಗಳಲ್ಲಿ ಸಡಿಲು, ಸಾಗು, ತಂಗು ಎಂಬ ಮೂರು ಕ್ರಿಯಾಪದಗಳಿಂದ ತೊಡಗಿ, ಕಣ್ಣು ಕಂಡ ಮೇಲೆ ಪಾರಿಭಾಷಿಕ ಪದಗಳನ್ನು ಕೊಡುವುದು ಲೇಸು.

ಪ್ರವಾಸದ ಕ್ರಮವೂ ಇದನ್ನೇ ಅನುಸರಿಸಬೇಕು. ಮುಂಬಯಿಯ ಬಾಂದ್ರಾ ತಡಿಯ ಬಂಡೆಗಳು 6 ಕೋಟಿ ವರ್ಷಗಳಿಗೂ ಹಳೆಯ ಜ್ವಾಲಾಮುಖಿ ಶಿಲೆಗಳು. ಇಳಿತದ ವೇಳೆಯನ್ನು ಮೊದಲೇ ತಿಳಿದು, ಅಲೆಗೆ ದೂರವಾದ ಬಂಡೆಯ ಬಳಿ ಮಕ್ಕಳನ್ನು ನಿಲ್ಲಿಸಬೇಕು. ತುಂತುರಿನ ಉಪ್ಪುನೀರು ಬಿರುಕಿಗಿಳಿದು ಆರಿದಾಗ ಉಪ್ಪಿನ ಹರಳುಗಳು ಬೆಳೆದು ಕಲ್ಲಿನ ಕಣಗಳನ್ನು ಬಿಡಿಸುತ್ತವೆ. ಅಲೆ ಮುಟ್ಟದ ಕಲ್ಲೂ ಶಿಥಿಲವಾಗುವುದೆಂದು ಕಂಡ ಮೇಲೆ, ನೀರಂಚಿಗೆ ಇಳಿದು ಉರುಟಾದ ಬೆಣಚುಗಲ್ಲನ್ನೂ ಮೊನಚಾದ ಹೊಸ ತುಂಡನ್ನೂ ಕೈಯಲ್ಲಿ ಹಿಡಿದು ಹೋಲಿಸಲಿ.

ಅಲೆಗೇ ಎಲ್ಲವನ್ನೂ ಆರೋಪಿಸುವ ದೋಷ ಮಲ್ಪೆಯ ಬಳಿಯ ಸೇಂಟ್ ಮೇರಿ ದ್ವೀಪಗಳಲ್ಲಿ ಇನ್ನೂ ಸುಲಭ. ಅಲ್ಲಿನ ಬಹುಭುಜ ಕಲ್ಲುಕಂಬಗಳನ್ನು ಕಡಲು ಕಡೆದ ಶಿಲ್ಪವೆಂದರೆ ಮಕ್ಕಳು ಮರುಮಾತಿಲ್ಲದೆ ನಂಬುವರು. ನಿಜವಾಗಿ, ಲಾವಾ ತಣ್ಣಗಾಗಿ ಕುಗ್ಗಿದಾಗ ಬಿದ್ದ ಬಿರುಕುಗಳೇ ಆ ಆಕೃತಿಗೆ ಕಾರಣ; ಕಡಲು ಬಂದದ್ದು ಆಮೇಲೆ, ಆ ಬಿರುಕುಗಳನ್ನು ಹಿಡಿದು ಕಂಬಗಳನ್ನು ಕಳಚಲು.

ಹೊರನಾಡ ಕನ್ನಡಿಗರಿಗೆ ಇನ್ನೊಂದು ಸೌಕರ್ಯವುಂಟು. ಬೇಸಗೆಯ ರಜೆಗೆ ತುಳುನಾಡಿನ ಊರಿಗೆ ಹೋಗುವ ಮಗು ಮುರಕಲ್ಲಿನ ಗೋಡೆಯನ್ನು ಕಾಣದಿರದು. 1807ರಲ್ಲಿ ಪ್ರಕಟವಾದ ಗ್ರಂಥದಲ್ಲಿ ಫ್ರಾನ್ಸಿಸ್ ಬುಕಾನನ್ ಲ್ಯಾಟರೈಟ್ ಎಂದು ಹೆಸರಿಸಿದ್ದು ಇಂಥ ಕಲ್ಲನ್ನೇ. ಮಳೆನೀರು ಮೂಲಶಿಲೆಯ ಸಿಲಿಕಾ ಮುಂತಾದುವನ್ನು ಕರಗಿಸಿ ಇಳಿಸಿದ ಮೇಲೆ, ಕಬ್ಬಿಣ ಮತ್ತು ಅಲ್ಯೂಮಿನಿಯಮ್ಮುಗಳ ಆಕ್ಸೈಡುಗಳು ಉಳಿದು ಆದದ್ದದು. ಎಂದಮೇಲೆ ಅಜ್ಜನ ಮನೆಯ ಗೋಡೆಯೇ ಶಿಥಿಲೀಕರಣದ ಫಲ! ಶಿಥಿಲವೆಂದರೆ ಬರಿಯ ನಾಶವಲ್ಲವೆಂಬುದಕ್ಕೆ ಇದಕ್ಕಿಂತ ಹತ್ತಿರದ ನಿದರ್ಶನ ದೊರೆಯದು.

ಈ ವಿವೇಚನೆ ಕೇವಲ ಪದಚರ್ಚೆಯೆಂದು ಯಾರಾದರೂ ಭಾವಿಸಿಯಾರು. ಉಳ್ಳಾಲದಂಥ ತಡಿಗಳಲ್ಲಿ ಕಡಲು ಮನೆಯಂಗಳಕ್ಕೆ ಬಂದಾಗ ಜನ ಕೇಳುವುದು ಕಲ್ಲಿನ ತಡೆಗೋಡೆಯನ್ನು. ಮನೆ ಕಳೆದುಕೊಳ್ಳುವವರ ಆ ಬೇಡಿಕೆ ಸಹಜವೇ. ಆದರೆ ಮಳೆಗಾಲದ ಅಲೆ ಒಯ್ದ ಮರಳಿನ ಬಹುಭಾಗವನ್ನು ಶಾಂತಕಾಲದ ಅಲೆ ಮರಳಿ ತರುವುದುಂಟು. ತಡಿಯುದ್ದಕ್ಕೂ ಸಾಗುವ ಮರಳನ್ನು ಒಂದೆಡೆ ತಡೆದರೆ ಪಕ್ಕದ ಊರಿನ ತಡಿ ಬರಿದಾಗುವುದೂ ಉಂಟು. ಸಾಗುವುದು ಮತ್ತು ತಂಗುವುದು ಎರಡನ್ನೂ ಅರಿಯದವನಿಗೆ ಗೋಡೆಯೊಂದೇ ಪರಿಹಾರವಾಗಿ ತೋರುತ್ತದೆ. ಇಂದಿನ ಮಕ್ಕಳು ನಾಳೆ ಆ ತಡಿಗಳ ಬಗೆಗೆ ತೀರ್ಮಾನ ಕೊಡಬೇಕಾದವರು. ಆದಕಾರಣ ನಮ್ಮ ಶಿಕ್ಷಕರು ಮಕ್ಕಳನ್ನು ಒಂದೇ ತಡಿಗೆ ಎರಡು ಸಲ, ಮಳೆಗಾಲಕ್ಕೆ ಮುನ್ನವೊಮ್ಮೆ, ಮಳೆ ಕಳೆದ ಮೇಲೊಮ್ಮೆ, ಕರೆದೊಯ್ಯಲಿ. ಎರಡು ಸಲವೂ ಒಂದೇ ಪ್ರಶ್ನೆಯನ್ನು ಕೇಳಲಿ: ಇಲ್ಲಿದ್ದ ಮರಳು ಎಲ್ಲಿಗೆ ಹೋಯಿತು, ಎಲ್ಲಿಂದ ಬಂತು?