ನಾಲ್ವರ ಆಟ, ಒಬ್ಬರ ರೇಟಿಂಗ್: ಪ್ಯಾಡೆಲ್ ರಸಿಕರಿಗೊಂದು ಕೈಪಿಡಿ

ಜಯನಗರದಲ್ಲೋ ಬನಶಂಕರಿಯಲ್ಲೋ ಬೆಳಗಾಗುತ್ತಲೇ ಶಟಲ್ ಆಡುವ ಬಳಗಗಳಲ್ಲಿ ಯಾರ ಆಟ ಯಾವ ಮಟ್ಟದ್ದೆಂದು ಅಂಕೆಯಲ್ಲಿ ಹೇಳುವ ಅಗತ್ಯವೇ ಬಿದ್ದಿರಲಿಲ್ಲ. ವರ್ಷಗಟ್ಟಲೆ ಜೊತೆಗೆ ಆಡಿದವರಿಗೆ ಒಬ್ಬರ ಕೈ ಇನ್ನೊಬ್ಬರಿಗೆ ಗೊತ್ತಿರುತ್ತದೆ. ಪ್ಯಾಡೆಲ್‌ನ ಪರಿಸ್ಥಿತಿ ಬೇರೆ. ಅದಕ್ಕೆ ನಾಲ್ವರು ಬೇಕು, ಗಂಟೆಯ ಲೆಕ್ಕದ ಬಾಡಿಗೆಯನ್ನು ನಾಲ್ವರೂ ಹಂಚಿಕೊಳ್ಳಬೇಕು. ಆ ನಾಲ್ವರು ಹಲವು ಸಲ ಆ್ಯಪ್ ಮೂಲಕ ಕೂಡಿದ ಅಪರಿಚಿತರು: ಒಬ್ಬರು ಬಿಟಿಎಂ ಲೇಔಟ್‌ನಿಂದ ಬಂದರೆ ಇನ್ನೊಬ್ಬರು ಜೆಪಿ ನಗರದವರು. ಸರಿಸಮರು ಸೇರದಿದ್ದರೆ ನಾಲ್ವರ ಸಂಜೆಯೂ ಹಾಳು. ಹಾಗಾಗಿಯೇ ಈ ಆಟದಲ್ಲಿ ಹೆಸರಿಗಿಂತ ಮೊದಲು ಲೆವೆಲ್ ಕೇಳುತ್ತಾರೆ. ಹೊಸಬರು ಆ ಅಂಕೆಯನ್ನು ಬಿರುದೆಂದೋ ಪರೀಕ್ಷೆಯ ಫಲಿತಾಂಶವೆಂದೋ ತಿಳಿದುಬಿಡುತ್ತಾರೆ. ಅದು ಎರಡೂ ಅಲ್ಲ. ಮುಂದಿನ ಪಂದ್ಯ ಹೇಗೆ ನಡೆದೀತು ಎಂಬುದರ ಬಗ್ಗೆ ಈವರೆಗಿನ ಪಂದ್ಯಗಳ ಆಧಾರದಲ್ಲಿ ಕಟ್ಟಿದ ಅಂದಾಜು ಅದು. ಇಷ್ಟನ್ನು ಒಪ್ಪಿಕೊಂಡರೆ ಅದು ಏಕೆ ಏರುತ್ತದೆ, ಏಕೆ ಇಳಿಯುತ್ತದೆ, ಎಷ್ಟರಮಟ್ಟಿಗೆ ನಂಬಬಹುದು ಎಂಬುದೆಲ್ಲ ತಾನಾಗಿ ಬಿಡಿಸಿಕೊಳ್ಳುತ್ತದೆ.

ಅಂಕೆಗಿಂತ ಮೊದಲು ಆಟವನ್ನೇ ನೋಡೋಣ. 1969ರಲ್ಲಿ ಮೆಕ್ಸಿಕೊದ ಅಕಾಪುಲ್ಕೊದಲ್ಲಿ ಎನ್ರಿಕೆ ಕೊರ್ಕ್ವೆರಾ ತಮ್ಮ ಮನೆಯಂಗಳದಲ್ಲಿ ರೂಪಿಸಿದ ಈ ಆಟದ ಕೋರ್ಟ್ 20 ಮೀಟರ್ ಉದ್ದ, 10 ಮೀಟರ್ ಅಗಲ. ಸುತ್ತ ಗಾಜಿನ ಗೋಡೆ ಮತ್ತು ತಂತಿಬಲೆ. ಅಂಕಗಳ ಎಣಿಕೆ ಟೆನಿಸ್‌ನದೇ, ಆದರೆ ಸರ್ವ್ ಮಾಡುವಾಗ ಚೆಂಡನ್ನು ಸೊಂಟದ ಮಟ್ಟಕ್ಕಿಂತ ಮೇಲೆ ಹೊಡೆಯುವಂತಿಲ್ಲ. ಚೆಂಡು ಮೊದಲು ನೆಲಕ್ಕೆ ಬಿದ್ದು ಆಮೇಲೆ ಗಾಜಿಗೆ ಬಡಿದರೆ ಆಟ ಇನ್ನೂ ಜೀವಂತ. ಆಟಗಾರರ ಮಟ್ಟ ಬಯಲಾಗುವುದು ಈ ಗಾಜಿನ ಎದುರು. ಹೊಸಬರು ಚೆಂಡು ಗಾಜು ಮುಟ್ಟುವ ಮೊದಲೇ ಅವಸರದಿಂದ ಹೊಡೆಯುತ್ತಾರೆ. ಒಂದು ಮೆಟ್ಟಿಲು ಹತ್ತಿದವರು ಚೆಂಡನ್ನು ಹಿಂದಕ್ಕೆ ಹೋಗಗೊಟ್ಟು, ಅದು ಪುಟಿದು ಬರುವವರೆಗೆ ಕಾಯುತ್ತಾರೆ. ಇನ್ನೂ ಮೇಲಿನವರು ಎತ್ತರದ ಲಾಬ್ ಹಾಕಿ ಎದುರಾಳಿಗಳನ್ನು ಹಿಂದಕ್ಕೆ ಅಟ್ಟಿ, ಇಬ್ಬರೂ ಒಟ್ಟಿಗೆ ಹೆಜ್ಜೆಯಿಟ್ಟು ನೆಟ್ ಹಿಡಿಯುತ್ತಾರೆ. ಪಳಗಿದವರ ಗುರುತು ಬಂದೇಹಾ ಎಂಬ ಹೊಡೆತ: ತಲೆಯ ಮೇಲಿನ ಚೆಂಡನ್ನು ಬಲವಾಗಿ ಬಡಿಯದೆ, ಕತ್ತರಿಸಿದಂತೆ ತಳ್ಳಿ, ನೆಟ್ ಬಳಿಯ ಜಾಗ ಉಳಿಸಿಕೊಳ್ಳುವುದು. ಆದ್ದರಿಂದ ಮಟ್ಟವನ್ನು ಅಳೆಯುವಾಗ ಹೊಡೆತದ ಸದ್ದಿಗಿಂತ ಎರಡು ಹೊಡೆತಗಳ ನಡುವೆ ಆಟಗಾರ ಎಲ್ಲಿ ನಿಂತಿದ್ದಾರೆ ಎಂಬುದನ್ನು ನೋಡಬೇಕು.

ಇದನ್ನೆಲ್ಲ ಆ್ಯಪ್ ನೋಡುವುದಿಲ್ಲ. ಅದಕ್ಕೆ ಸಿಗುವುದು ಫಲಿತಾಂಶ ಮಾತ್ರ. ಪ್ಯಾಡೆಲ್ ಜಗತ್ತಿನಲ್ಲಿ ಹೆಚ್ಚು ಬಳಕೆಯಲ್ಲಿರುವ ಪ್ಲೇಟಾಮಿಕ್ ಆ್ಯಪ್ 0ರಿಂದ 7ರವರೆಗಿನ ಅಳತೆ ಇಟ್ಟುಕೊಂಡಿದೆ. ಸೇರುವಾಗ ಕೇಳುವ ಕೆಲವು ಪ್ರಶ್ನೆಗಳ ಉತ್ತರವೇ ಮೊದಲ ಅಂಕೆಗೆ ಆಧಾರ, ಮುಂದಿನದನ್ನು ಪಂದ್ಯಗಳು ತಿದ್ದುತ್ತವೆ. ಇಂಥ ತಿದ್ದುವಿಕೆಯ ತರ್ಕಕ್ಕೆ ದಾರಿ ಹಾಕಿಕೊಟ್ಟದ್ದು ಚೆಸ್. ಭೌತಶಾಸ್ತ್ರದ ಪ್ರಾಧ್ಯಾಪಕ ಅರ್ಪಾದ್ ಈಲೋ ರೂಪಿಸಿದ ಪದ್ಧತಿಯನ್ನು ಅಮೆರಿಕದ ಚೆಸ್ ಸಂಸ್ಥೆ 1960ರಲ್ಲೂ ವಿಶ್ವ ಚೆಸ್ ಸಂಸ್ಥೆಯಾದ ಫಿಡೆ 1970ರಲ್ಲೂ ಒಪ್ಪಿಕೊಂಡವು. ಅದರ ತಿರುಳು ಸರಳ. ಎದುರಾಳಿಗಿಂತ 200 ಅಂಕ ಮೇಲಿರುವವರು ನೂರಕ್ಕೆ ಸುಮಾರು 76 ಪಾಲು ಗಳಿಸಬೇಕೆಂಬುದು ನಿರೀಕ್ಷೆ. ತಿದ್ದುವ ಪ್ರಮಾಣ, ಅಂದರೆ ಒಂದು ಆಟದಿಂದ ಹೆಚ್ಚೆಂದರೆ ಕದಲಬಹುದಾದ ಅಂಕ, 20 ಎಂದಿಟ್ಟುಕೊಂಡರೆ, ಅವರು ಗೆದ್ದಾಗ ಸಿಗುವುದು ಐದಕ್ಕಿಂತ ಕಡಿಮೆ ಅಂಕ, ಸೋತರೆ ಹೋಗುವುದು ಹದಿನೈದಕ್ಕೂ ಹೆಚ್ಚು. ಗೆಲುವಿಗೆ ಇಷ್ಟು, ಸೋಲಿಗೆ ಇಷ್ಟು ಎಂಬ ನಿಗದಿ ಇಲ್ಲ. ನಿರೀಕ್ಷೆಗೂ ನಡೆದದ್ದಕ್ಕೂ ಇರುವ ಅಂತರವೇ ಅಂಕೆಯನ್ನು ಕದಲಿಸುತ್ತದೆ. ಸತತವಾಗಿ ಗೆದ್ದರೂ ಲೆವೆಲ್ ಏರುತ್ತಿಲ್ಲ ಎಂದು ಗೊಣಗುವವರಿಗೆ ಉತ್ತರ ಇಲ್ಲಿದೆ: ಗೆಲ್ಲಲೇಬೇಕಾದ ಪಂದ್ಯವನ್ನು ಗೆದ್ದರೆ ಹೊಸದೇನೂ ತಿಳಿದಂತಾಗಲಿಲ್ಲ.

ಹೊಸಬರ ಅಂಕೆ ಜೋರಾಗಿ ಜಿಗಿಯುವುದಕ್ಕೂ ಇದೇ ಕಾರಣ. ಅವರ ಬಗ್ಗೆ ಮಾಹಿತಿ ಕಡಿಮೆ, ಆದ್ದರಿಂದ ಒಂದೊಂದು ಫಲಿತಾಂಶಕ್ಕೂ ಹೆಚ್ಚು ತೂಕ. ಫಿಡೆ ಹೊಸ ಆಟಗಾರರಿಗೆ ಮೊದಲ 30 ಆಟಗಳವರೆಗೆ ತಿದ್ದುವ ಪ್ರಮಾಣವನ್ನು 40 ಎಂದಿಟ್ಟಿದೆ, 2400 ರೇಟಿಂಗ್ ಮುಟ್ಟಿದವರಿಗೆ ಅದು 10 ಮಾತ್ರ. ಪ್ಲೇಟಾಮಿಕ್‌ನಲ್ಲಿ ಲೆವೆಲ್ ಜೊತೆಗೆ ಅದರ ವಿಶ್ವಾಸಾರ್ಹತೆಯೂ ಶೇಕಡಾವಾರು ಕಾಣುತ್ತದೆ. ಬಹಳಷ್ಟು ಜನ ಲೆವೆಲ್ ಓದಿ ಇದನ್ನು ಕಡೆಗಣಿಸುತ್ತಾರೆ. ಬಲ್ಲವರು ಎರಡನ್ನೂ ಸೇರಿಸಿ ಓದುತ್ತಾರೆ.

ಚೆಸ್ ಒಬ್ಬರ ವಿರುದ್ಧ ಒಬ್ಬರ ಆಟ, ಪ್ಯಾಡೆಲ್ ಇಬ್ಬರ ವಿರುದ್ಧ ಇಬ್ಬರದು. ಗೆದ್ದದ್ದು ಜೋಡಿ, ಆದರೆ ರೇಟಿಂಗ್ ಒಬ್ಬೊಬ್ಬರದು. ಈ ತೊಡಕಿಗೆ ಎರಡು ಬಗೆಯ ಉತ್ತರ ಕರ್ನಾಟಕದ ಇಬ್ಬರು ಆಟಗಾರರ ಬದುಕಿನಲ್ಲೇ ಸಿಗುತ್ತದೆ. ಕೊಡಗಿನ ರೋಹನ್ ಬೋಪಣ್ಣ 2024ರ ಜನವರಿಯಲ್ಲಿ, 43ನೇ ವಯಸ್ಸಿನಲ್ಲಿ, ಮ್ಯಾಥ್ಯೂ ಎಬ್ಡೆನ್ ಜೊತೆ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದು ವಿಶ್ವದ ಒಂದನೇ ಸ್ಥಾನಕ್ಕೇರಿದರು. ಟೆನಿಸ್‌ನಲ್ಲಿ ಡಬಲ್ಸ್ ಅಂಕಗಳು ಆಟಗಾರರಿಗೆ ಬಿಡಿಬಿಡಿಯಾಗಿ ಸೇರುತ್ತವೆ, ಜೊತೆಗಾರ ಬದಲಾದರೂ ಅವು ಅವರದೇ. ಅಶ್ವಿನಿ ಪೊನ್ನಪ್ಪ 2011ರಲ್ಲಿ ಜ್ವಾಲಾ ಗುಟ್ಟಾ ಜೊತೆ ವಿಶ್ವ ಬ್ಯಾಡ್ಮಿಂಟನ್ ಚಾಂಪಿಯನ್‌ಷಿಪ್‌ನ ಕಂಚು ಗೆದ್ದವರು. ಆದರೆ ಬ್ಯಾಡ್ಮಿಂಟನ್‌ನಲ್ಲಿ ಸ್ಥಾನ ಜೋಡಿಯದು. ಮುಂದೆ ತನಿಶಾ ಕ್ರಾಸ್ಟೊ ಜೊತೆ ಆಡತೊಡಗಿದಾಗ ಆ ಜೋಡಿ ಹೊಸದಾಗಿಯೇ ಅಂಕ ಕೂಡಿಸಿ 2024ರ ಪ್ಯಾರಿಸ್ ಒಲಿಂಪಿಕ್ಸ್ ತಲುಪಬೇಕಾಯಿತು. ಅಶ್ವಿನಿಯ ಅನುಭವ ಶೂನ್ಯಕ್ಕಿಳಿದಿರಲಿಲ್ಲ, ಪಟ್ಟಿಗೆ ಅದು ಕಾಣುತ್ತಿರಲಿಲ್ಲ ಅಷ್ಟೆ. ಇವೆರಡೂ ಶ್ರೇಯಾಂಕದ ಪಟ್ಟಿಗಳು, ನಿಗದಿತ ಅವಧಿಯ ಗಳಿಕೆಯ ಮೊತ್ತ. ರೇಟಿಂಗ್ ಅಂದಾಜು. ಆದರೂ ಜೋಡಿಯ ಫಲವನ್ನು ವ್ಯಕ್ತಿಗೆ ಹಂಚುವ ಪ್ರಶ್ನೆ ಎರಡಕ್ಕೂ ಒಂದೇ, ಕ್ಲಬ್ ಮಟ್ಟದ ಪ್ಯಾಡೆಲ್ ಆರಿಸಿಕೊಂಡದ್ದು ಬೋಪಣ್ಣರ ದಾರಿಯನ್ನು.

ಆಗ ಏಳುವ ಆಕ್ಷೇಪ ನ್ಯಾಯವಾದದ್ದೇ: ಜೊತೆಗಾರ ಎಡವಿದರೆ ನನ್ನ ಅಂಕೆ ಏಕೆ ಇಳಿಯಬೇಕು? ಒಂದು ಪಂದ್ಯದ ಮಟ್ಟಿಗೆ ಇದಕ್ಕೆ ಸಮಾಧಾನವಿಲ್ಲ, ಅನ್ಯಾಯ ಆಗಿಯೇ ಆಗುತ್ತದೆ. ಆದರೆ ಹತ್ತಾರು ಪಂದ್ಯಗಳಲ್ಲಿ ಹತ್ತಾರು ಜನರ ಜೊತೆ ಆಡಿದಾಗ ಎಲ್ಲ ಪಂದ್ಯಗಳಲ್ಲೂ ಇದ್ದವರು ನೀವೊಬ್ಬರೇ. ಜೊತೆಗಾರರ ಏರುಪೇರು ಒಂದನ್ನೊಂದು ಸರಿದೂಗಿಸಿ, ಉಳಿಯುವುದು ನಿಮ್ಮ ಪಾಲು. ಇದರ ಇನ್ನೊಂದು ಮುಖವನ್ನೂ ಒಪ್ಪಬೇಕು. ಗಂಡ ಹೆಂಡತಿಯೋ ಇಬ್ಬರು ಗೆಳೆಯರೋ ಸದಾ ಒಟ್ಟಿಗೇ ಆಡಿದರೆ, ಇಬ್ಬರಲ್ಲಿ ಯಾರ ಕೈ ಮೇಲು ಎಂಬುದನ್ನು ಯಾವ ಗಣಿತವೂ ಫಲಿತಾಂಶಗಳಿಂದ ಹೇಳಲಾರದು. ಸರಾಸರಿಯಲ್ಲೂ ಮೋಸವಿದೆ. 4 ಮತ್ತು 2 ಲೆವೆಲ್‌ನ ಜೋಡಿ, 3 ಮತ್ತು 3ರ ಜೋಡಿ ಕಾಗದದ ಮೇಲೆ ಸಮ. ಕೋರ್ಟಿನಲ್ಲಿ ಎದುರಾಳಿಗಳು ಚೆಂಡನ್ನೆಲ್ಲ 2ರವರ ಕಡೆಗೇ ಕಳಿಸುತ್ತಾರೆ, 4ರವರು ಬರಿಗೈಯಲ್ಲಿ ನಿಂತಿರುತ್ತಾರೆ.

ಅಂಕೆ ಬಂದ ಮೇಲೆ ಆಟದ ಖುಷಿಯೇ ಹೋಯಿತು, ಜನ ಸೋಲಿಗೆ ಹೆದರಿ ಸುಲಭದ ಎದುರಾಳಿಗಳನ್ನು ಹುಡುಕುತ್ತಾರೆ ಎಂಬುದು ಎರಡನೆಯ ಆಕ್ಷೇಪ. ಆ ಚಪಲ ನಿಜ. ಆದರೆ ದುರ್ಬಲರನ್ನು ಸೋಲಿಸಿ ಗಳಿಸುವುದು ಪುಡಿಗಾಸು, ಒಮ್ಮೆ ಜಾರಿದರೆ ಕಳೆದುಕೊಳ್ಳುವುದು ದೊಡ್ಡದು ಎಂಬುದನ್ನು ಮೇಲೆ ನೋಡಿದೆವು, ಲೆಕ್ಕವೇ ಆ ಚಪಲಕ್ಕೆ ಕಡಿವಾಣ. ಅದಕ್ಕಿಂತ ದೊಡ್ಡ ಮಾತೊಂದಿದೆ. ಅಂಕೆ ಇಲ್ಲದಿದ್ದರೆ ಯಾರನ್ನು ಆಟಕ್ಕೆ ಸೇರಿಸಿಕೊಳ್ಳಬೇಕೆಂಬುದನ್ನು ಪರಿಚಯ, ವಯಸ್ಸು, ಬ್ಯಾಟಿನ ಬೆಲೆ ತೀರ್ಮಾನಿಸುತ್ತವೆ. ಐವತ್ತು ದಾಟಿದ ಮಹಿಳೆಯೊಬ್ಬರು ಪರಿಚಯವೇ ಇಲ್ಲದ ಬಳಗದಲ್ಲಿ ಜಾಗ ಕೇಳುವಾಗ, ನನ್ನ ಲೆವೆಲ್ 3 ಎಂಬ ಒಂದು ಮಾತು ಅವರ ಪರವಾಗಿ ವಾದಿಸುತ್ತದೆ. ರೇಟಿಂಗ್‌ನ ನಿಜವಾದ ಉಪಕಾರ ಇದು.

ಮಿತಿಯೊಂದು ಉಳಿಯುತ್ತದೆ. ಈಲೋ ಮಾದರಿಯಲ್ಲಿ ಒಬ್ಬರು ಗಳಿಸಿದ್ದು ಬಹುಮಟ್ಟಿಗೆ ಇನ್ನೊಬ್ಬರು ಕಳೆದುಕೊಂಡದ್ದೇ. ಒಂದೇ ಕೋರ್ಟಿನ ಹತ್ತು ಜನ ತಮ್ಮತಮ್ಮಲ್ಲೇ ಆಡುತ್ತಿದ್ದರೆ ಅಂಕಗಳು ಅವರೊಳಗೇ ಸುತ್ತುತ್ತವೆ. ಎಲ್ಲರ ಆಟ ಸುಧಾರಿಸಿದರೂ ಸರಾಸರಿ ಕದಲುವುದಿಲ್ಲ. ಆದ್ದರಿಂದ ಜೆಪಿ ನಗರದ 3.5 ಮತ್ತು ಮ್ಯಾಡ್ರಿಡ್‌ನ 3.5 ಒಂದೇ ಆಗಿರಬೇಕಿಲ್ಲ. ಎರಡು ಬಳಗಗಳ ಅಂಕೆಗಳನ್ನು ಒಂದೇ ಅಳತೆಗೆ ತರುವವರು ಎರಡೂ ಕಡೆ ಆಡುವ ಆಟಗಾರರು.

ರಸಿಕರು ಮಾಡಬೇಕಾದದ್ದು ಇಷ್ಟು. ನಾಲ್ವರ ಲೆವೆಲ್ ಓದಿ ಫಲಿತಾಂಶವನ್ನು ಮೊದಲೇ ಊಹಿಸಿ, ಆಮೇಲೆ ಆಟ ನೋಡಿ. ಊಹೆ ತಪ್ಪಿದರೆ ಕಾರಣ ಹುಡುಕಿ: ಗಾಜಿನ ಮುಂದಿನ ತಾಳ್ಮೆಯೇ, ಜೋಡಿಯ ಹೊಂದಾಣಿಕೆಯೇ, ಹಳೆಯದಾಗಿಹೋದ ಅಂಕೆಯೇ? ನೀವೇ ಆಡುವವರಾದರೆ ಮೊದಲ ಪ್ರಶ್ನಾವಳಿಗೆ ಪ್ರಾಮಾಣಿಕವಾಗಿ ಉತ್ತರಿಸಿ, ಜೊತೆಗಾರರನ್ನು ಬದಲಿಸಿ, ನಿಮ್ಮ ಬಡಾವಣೆಯಾಚೆಗೂ ಹೋಗಿ ಆಡಿ, ಸೋತ ಪಂದ್ಯದ ಅಂಕವನ್ನೂ ತಪ್ಪದೆ ದಾಖಲಿಸಿ. ನಿಮ್ಮ ಅಂಕೆ ನಿಜವಾದಷ್ಟೂ ನಾಳೆ ನಿಮ್ಮೊಂದಿಗೆ ಆಡಲು ಬರುವ ಮೂವರಿಗೆ ಒಳ್ಳೆಯ ಪಂದ್ಯ ಸಿಗುತ್ತದೆ. ಅಂಕೆಯನ್ನು ಕಾಪಾಡಿಕೊಳ್ಳಬೇಕಾದದ್ದು ಅವರ ಸಲುವಾಗಿ.