ಕುಮರಕಂನ ಏರಿಯ ಮೇಲೆ

ಕುಮರಕಂ ನೋಡಬೇಕು ಎನ್ನುವವರಿಗೆ ನಾನು ಮೊದಲು ಹೇಳುವುದು ಮುಹಮ್ಮ ಎಂಬ ಊರಿನ ಬೋಟು ಜೆಟ್ಟಿಗೆ ಹೋಗಿ ಎಂದು. ವೆಂಬನಾಡ್ ಕಾಯಲು ಎಂಬ ಹಿನ್ನೀರಿನ ಪಡುದಂಡೆಯಲ್ಲಿರುವ ಆ ಊರಿನಿಂದ ಮೂಡುದಂಡೆಯ ಕುಮರಕಂಗೆ ಕೇರಳದ ಜಲಸಾರಿಗೆ ಇಲಾಖೆಯ ಬೋಟು ಓಡಾಡುತ್ತದೆ. ಶಾಲೆಯ ಮಕ್ಕಳು, ಕೆಲಸಕ್ಕೆ ಹೊರಟ ಹೆಂಗಸರು, ಸೈಕಲ್ಲು, ತರಕಾರಿ ಚೀಲ ಎಲ್ಲವೂ ಒಟ್ಟಿಗೇ ನೀರು ದಾಟುತ್ತವೆ. ಕಾಯಲು ಇವರಿಗೆ ದಿನನಿತ್ಯದ ರಸ್ತೆ.

ಹೌಸ್‌ಬೋಟಿನ ಬಗ್ಗೆ ನನಗೆ ತಿರಸ್ಕಾರವಿಲ್ಲ. ಅದರ ಮೂಲವಾದ ಕೆಟ್ಟುವಳ್ಳಂ ದೊಡ್ಡ ಕಸುಬುಗಾರಿಕೆ. ಹೆಬ್ಬಲಸಿನ ಹಲಗೆಗಳನ್ನು ಒಂದೂ ಮೊಳೆ ಹೊಡೆಯದೆ ತೆಂಗಿನ ನಾರಿನ ಹುರಿಯಿಂದ ಹೊಲಿದು ಕಟ್ಟಿದ ಆ ದೋಣಿಗಳು ಈ ಕಾಯಲಿನ ಸುತ್ತಲ ಕುಟ್ಟನಾಡಿನ ಅಕ್ಕಿಯನ್ನು ಕೊಚ್ಚಿಗೆ ಸಾಗಿಸುತ್ತಿದ್ದವು. ಆದರೆ ಹೌಸ್‌ಬೋಟಿನಲ್ಲಿ ಕೂತವನಿಗೆ ದಡ ದೂರದಿಂದಲೇ ಕಂಡು ಸರಿದುಹೋಗುತ್ತದೆ. ಇಲ್ಲಿಯ ಬದುಕಿರುವುದು ದಡದ ಏರಿಯ ಮೇಲೆ.

ಆ ಏರಿಯ ಮೇಲೆ ನಡೆಯಬೇಕು. ಒಂದು ಬದಿಗೆ ಕಾಯಲು, ಇನ್ನೊಂದು ಬದಿಗೆ ಅದಕ್ಕಿಂತಲೂ ತಗ್ಗಿನಲ್ಲಿ ಹಬ್ಬಿದ ಭತ್ತದ ಗದ್ದೆ. ಬೇರೆಡೆ ರೈತ ಗದ್ದೆಗೆ ನೀರು ತರಲು ಹೆಣಗಿದರೆ ಇಲ್ಲಿಯವನು ನೀರನ್ನು ಹೊರಗೆ ಹಾಕಲು ಹೆಣಗುತ್ತಾನೆ. ಹಿಂದೆ ಆಳುಗಳು ಸಾಲಾಗಿ ಕೂತು ಮರದ ಚಕ್ರ ತುಳಿದು ನೀರು ಎತ್ತುತ್ತಿದ್ದರು. ಆಮೇಲೆ ‘ಪೆಟ್ಟಿಯುಂ ಪರಯುಂ’ ಎಂಬ ಮರದ ಪಂಪು ಬಂತು. ಈ ಬೇಸಾಯ ಪದ್ಧತಿಗೆ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2013ರಲ್ಲಿ ಜಾಗತಿಕ ಕೃಷಿ ಪರಂಪರೆಯ ಮನ್ನಣೆ ಕೊಟ್ಟಿತು. ಆ ಗೌರವದ ಮೊದಲ ಪಾಲು ಸಲ್ಲಬೇಕಾದ್ದು ಕಾಯಲಿನ ತಳಕ್ಕೆ ಮುಳುಗಿ ಕೆಸರು ಎತ್ತಿ ತಂದು ಏರಿ ಕಟ್ಟಿದ ಕೂಲಿಯವರಿಗೆ. ಗದ್ದೆ ಮಾತ್ರ ಅವರದಾಗಲಿಲ್ಲ. ಕುಟ್ಟನಾಡಿನವರೇ ಆದ ತಗಳಿ ಶಿವಶಂಕರ ಪಿಳ್ಳೆ ‘ರಂಡಿಡಂಗಳಿ’ ಕಾದಂಬರಿಯಲ್ಲಿ ಬರೆದದ್ದು ಈ ಕೂಲಿಯಾಳುಗಳ ಕಥೆಯನ್ನೇ.

ಊರಿನ ನಿಜವಾದ ಜಗಳ ಇರುವುದು ಸಿಹಿನೀರು ಮತ್ತು ಉಪ್ಪುನೀರಿನ ನಡುವೆ. ಬೇಸಗೆಯಲ್ಲಿ ನದಿಗಳು ಸೊರಗಿದಾಗ ಸಮುದ್ರದ ಉಪ್ಪು ಕಾಯಲಿನೊಳಕ್ಕೆ ಏರಿ ಬಂದು ಭತ್ತವನ್ನು ಸುಡುತ್ತದೆ. ಅದನ್ನು ತಡೆಯಲೆಂದು 1970ರ ದಶಕದಲ್ಲಿ ತಣ್ಣೀರ್‌ಮುಕ್ಕಂನಲ್ಲಿ ಕಾಯಲಿಗೆ ಅಡ್ಡವಾಗಿ ಕಟ್ಟೆ ಕಟ್ಟಿದರು. ಕಟ್ಟೆಯ ಬಾಗಿಲು ಹಾಕಿದರೆ ಭತ್ತ ಉಳಿಯುತ್ತದೆ, ಮೀನುಗಾರ ಸೊರಗುತ್ತಾನೆ. ಇಲ್ಲಿಯ ಹೆಸರುವಾಸಿ ಆಟ್ಟುಕೊಂಚ್ ಸೀಗಡಿ ಬೆಳೆಯುವುದು ಸಿಹಿನೀರಿನಲ್ಲಿ. ಅದರ ಮರಿಗಳಿಗೆ ಮಾತ್ರ ಸವಳು ನೀರೇ ಬೇಕು. ತಾಯಿ ಕೆಳಕ್ಕೆ ಇಳಿಯಬೇಕು, ಮರಿ ಮೇಲಕ್ಕೆ ಹತ್ತಬೇಕು. ನಡುವೆ ಬಾಗಿಲು ಮುಚ್ಚಿದೆ! ಉಪ್ಪು ತಾಗಿದರೆ ಸಾಯಬೇಕಾದ ಅಂತರಗಂಗೆ ಕಳೆ ಸಿಹಿನೀರಿನಲ್ಲಿ ಸೊಕ್ಕಿ ಬೆಳೆದು ದೋಣಿಯ ದಾರಿಯನ್ನೇ ಮುಚ್ಚುತ್ತದೆ. ಗದ್ದೆಯಿಂದ ಹರಿದ ಕೀಟನಾಶಕವೂ ಅಲ್ಲೇ ನಿಲ್ಲುತ್ತದೆ. ಭತ್ತದವನದೂ ಹೊಟ್ಟೆಪಾಡೇ, ನಿಜ. ಆದರೂ ಬಾಗಿಲು ಮುಚ್ಚುವ ದಿನಗಳು ಕಡಿಮೆಯಾಗಲೇಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಈ ಕಾಯಲು 2002ರಲ್ಲಿ ಜಾಗತಿಕ ಮಹತ್ವದ ಜೌಗುನೆಲಗಳ ರಾಮ್ಸರ್ ಪಟ್ಟಿಗೆ ಸೇರಿದ್ದು ಸುಮ್ಮನೆ ಅಲ್ಲ.

ಬೆಳಗಿನ ಹೊತ್ತು ಕಪ್ಪು ಚಿಪ್ಪು ಎತ್ತುವವರ ದೋಣಿಗಳು ದಡಕ್ಕೆ ಬರುವುದನ್ನು ತಪ್ಪದೆ ನೋಡಿ. ಗಂಡಸರು ಕಾಯಲಿನ ತಳ ಕೆರೆದು ‘ಕಕ್ಕ’ ತರುತ್ತಾರೆ. ಹೆಂಗಸರು ದೊಡ್ಡ ಪಾತ್ರೆಯಲ್ಲಿ ಬೇಯಿಸಿ, ಜರಡಿ ಹಿಡಿದು ಮಾಂಸ ಬೇರೆ ಮಾಡುತ್ತಾರೆ. ಉಳಿದ ಚಿಪ್ಪು ಸುಣ್ಣಕ್ಕೆ. ತೆಂಗಿನಕಾಯಿ ಚೂರು, ಕರಿಮೆಣಸು ಹಾಕಿ ಹುರಿದ ಕಕ್ಕ ನನ್ನ ನಾಲಿಗೆಗೆ ಕರಿಮೀನಿಗಿಂತ ಒಂದು ಕೈ ಮೇಲು. ಕೇರಳದ ರಾಜ್ಯಮೀನು ಎಂಬ ಪಟ್ಟವೇನೋ ಕರಿಮೀನಿನದು.

ಬೆಂಗಳೂರಿನಿಂದ ಕನ್ಯಾಕುಮಾರಿಗೆ ಹೋಗುವ ಐಲೆಂಡ್ ಎಕ್ಸ್‌ಪ್ರೆಸ್ ಕೊಟ್ಟಾಯಂನಲ್ಲಿ ನಿಲ್ಲುತ್ತದೆ. ಅಲ್ಲಿಂದ ಕುಮರಕಂಗೆ ಬಸ್ಸುಂಟು. ಕೊಯ್ಲಿನ ಕಾಲಕ್ಕೆ ಒಮ್ಮೆ ಹೋಗಿ, ಕಟ್ಟೆಯ ಬಾಗಿಲು ತೆರೆದಿರುವ ಮಳೆಗಾಲದ ಕೊನೆಗೆ ಇನ್ನೊಮ್ಮೆ ಹೋಗಿ. ಕಕ್ಕ ಮಾರುವ ಹೆಂಗಸರ ಹತ್ತಿರ ಚೌಕಾಸಿ ಮಾಡಬೇಡಿ.